ಆ ಕಾದಂಬರಿಯ ಕೊನೆಯ ಅಧ್ಯಾಯ

ನನಗೆ ಟೈಫಾಯಿಡ್ ಬಂದಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಎಲ್ಲರೂ ಹಾಗೆಂದೇ ಹೇಳಿಕೊಂಡು ಬಂದರು, ನಾನೂ ಹೇಳಿದೆ. “ಬಾಣಂತನದಲ್ಲಿ ಟೈಫಾಯಿಡ್ ಆಯ್ತು, ಬೆಂಗಳೂರಾಸ್ಪತ್ರೇಲಿ ಇಟ್ಟಿದ್ವಿ” ಎಂದರೆ ಕೇಳಿದವರು ಅಯ್ಯೋ ಪಾಪ ಎಂದು ಮೋಸಂಬಿ ತಂದುಕೊಡುತ್ತಿದ್ದರು. ನಿಜ ಹೇಳಿದ್ದರೆ ಮೋಸಂಬಿ ಬರುತ್ತಿರಲಿಲ್ಲ. ನನಗೆ ಬಂದದ್ದು ಮನಸ್ಸಿನ ಕಾಯಿಲೆ. ಹೆರಿಗೆಯಾಗಿ ಮೂರು ತಿಂಗಳಿಗೆ ಶುರುವಾಯಿತು, ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಆಸ್ಪತ್ರೆಯಿಂದ ಮನೆಗೆ ಬಂದೆ. ಆ ನಿಜವನ್ನು ನಾನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಒಂದು ಕಾದಂಬರಿಯ ದೆಸೆಯಿಂದ. ಅದೂ ತುಂಬಿದ ಸಭೆಯಲ್ಲಿ, ಬೆಂಗಳೂರಿನಿಂದ ಬಂದಿದ್ದ ಕಾಲೇಜು ಮೇಷ್ಟ್ರ ಎದುರಿಗೆ, ನಮ್ಮ ಅತ್ತೆ ಕೂತಿದ್ದ ಜಮಖಾನದ ಮೇಲೆಯೇ ನಿಂತುಕೊಂಡು.

ನನ್ನ ತವರು ಗೌರಿಬಿದನೂರು. ತಂದೆ ಅಲ್ಲಿನ ಕಚೇರಿಯಲ್ಲಿ ಗುಮಾಸ್ತರು. ನನ್ನನ್ನು ಎಸ್ಸೆಸ್ಸೆಲ್ಸಿವರೆಗೆ ಓದಿಸಿ, ಚಿಂತಾಮಣಿ ಹತ್ತಿರ ಕೆಂಚಾರ್ಲಹಳ್ಳಿಯ ಒಂದು ಜಮೀನಿದ್ದ ಮನೆಗೆ ಕೊಟ್ಟರು. ನಮ್ಮ ಮನೆಯವರು ನಾರಾಯಣಸ್ವಾಮಿ, ಆಗ ಶಿಡ್ಲಘಟ್ಟದಲ್ಲಿ ಸ್ಕೂಲು ಮೇಷ್ಟ್ರು. ಶನಿವಾರ ಸಂಜೆ ಬಂದು ಸೋಮವಾರ ಬೆಳಗಾಗುತ್ತಲೇ ಹೊರಟುಬಿಡುತ್ತಿದ್ದರು. ಮನೆ ನಡೆಸುತ್ತಿದ್ದವರು ಅತ್ತೆ ಅಕ್ಕಾಯಮ್ಮ. ಹೊಲ, ಹಿಪ್ಪುನೇರಳೆ ತೋಟ, ರೇಷ್ಮೆ ಸಾಕುವ ಹುಳುಮನೆ, ಎಲ್ಲ ಅವರ ಕೈಯಲ್ಲಿ. ಅವರ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಸಿಟ್ಟು ಮಾತ್ರ ಪೂರ್ತಿ ತೆಲುಗು. ನನ್ನ ತಾಯಿ ಬದುಕಿರಲಿಲ್ಲವಾದ್ದರಿಂದ ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಮಾತಿರಲಿಲ್ಲ. ಅತ್ತೆಯೇ ಬಾಣಂತನ ಮಾಡಿದರು. ಎಣ್ಣೆ, ಬಿಸಿನೀರು, ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ ಸಾರು, ಯಾವುದಕ್ಕೂ ಕಮ್ಮಿ ಮಾಡಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಇಂಥ ಕಥೆಗಳಲ್ಲಿ ಅತ್ತೆ ಬಂದ ಕೂಡಲೇ ಓದುವವರು ಮೈಯೆಲ್ಲ ಕಣ್ಣಾಗಿ ಕೂರುತ್ತಾರೆ.

ಮೊದಲು ನಿದ್ದೆ ಹೋಯಿತು. ಬಾಣಂತಿಗೆ ಎಲ್ಲಿಯ ನಿದ್ದೆ ಎಂದುಕೊಂಡೆ. ಆಮೇಲೆ ಹಸಿವು ಹೋಯಿತು. ಆಮೇಲೆ ಮಾತು. ದುಃಖ ಎಂದು ಹೇಳಲಾರೆ, ದುಃಖವಾಗಿದ್ದರೆ ಅಳಬಹುದಿತ್ತು. ಮಗು ಅತ್ತರೆ ಬೀದಿಯಾಚೆ ಯಾರ ಮನೆಯದೋ ಮಗು ಅತ್ತಂತೆ ಕೇಳಿಸುತ್ತಿತ್ತು. ಅದನ್ನು ಎತ್ತಿಕೊಳ್ಳಬೇಕಾದವಳು ನಾನು ಎಂದು ತಿಳಿಯುತ್ತಿತ್ತು, ಆದರೆ ತಿಳಿದದ್ದು ಕೈಯವರೆಗೆ ಬರುತ್ತಿರಲಿಲ್ಲ. ಗೋಡೆಗೆ ಒರಗಿ, ತಲೆ ಎತ್ತಿ, ಸೂರಿನ ಜಂತೆ ನೋಡುತ್ತಾ ಕೂತುಬಿಟ್ಟೆ.

ರೇಷ್ಮೆಹುಳು ಸಾಕಿದವರಿಗೆ ಒಂದು ಸಂಗತಿ ಗೊತ್ತು. ಹುಳು ಬೆಳೆಯುತ್ತಾ ನಾಲ್ಕು ಸಲ ಪೊರೆ ಕಳಚುತ್ತದೆ. ಅದಕ್ಕೆ ಮುಂಚೆ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಮೇಲೆತ್ತಿ, ಅಲ್ಲಾಡದೆ ನಿಂತುಬಿಡುತ್ತದೆ. ಆಗ ಸೊಪ್ಪು ಹಾಕಬಾರದು, ತಟ್ಟೆ ಕದಲಿಸಬಾರದು, ಸದ್ದು ಮಾಡಬಾರದು. ಪ್ರೀತಿ ಹೆಚ್ಚಾಗಿ ಮುಟ್ಟಿದರೂ ಹುಳು ಕೆಡುತ್ತದೆ. ಬಿಟ್ಟರೆ ತಾನಾಗಿ ಪೊರೆ ಬಿಟ್ಟು ಎದ್ದು, ಮೊದಲಿಗಿಂತ ಹೆಚ್ಚು ಹಸಿವಿನಿಂದ ತಿನ್ನುತ್ತದೆ. ಅತ್ತೆ ಲಂಗ ಉಟ್ಟ ವಯಸ್ಸಿನಿಂದ ಇದನ್ನು ನೋಡಿದವರು. ಸೊಸೆ ಊಟ ಬಿಟ್ಟು, ಮಾತು ಬಿಟ್ಟು, ತಲೆ ಎತ್ತಿ ಕೂತಾಗ ಅವರಿಗೆ ತೋಚಿದ್ದೂ ಅದೇ.

“ಯಾರೂ ಮುಟ್ಬೇಡ್ರಿ ಅವಳನ್ನ. ಮಾತಾಡಿಸ್ಬೇಡ್ರಿ. ಊರಿಕೇ ಉಂಡಂಡಿ, ಸುಮ್ನಿರಿ ಎಲ್ಲಾರೂ. ತಾನೇ ಎದ್ದೇಳ್ತಾಳೆ” ಎಂದು ಮನೆಯವರಿಗೆಲ್ಲ ತಾಕೀತು ಮಾಡಿದರು. ಮಗುವನ್ನು ತಮ್ಮ ಮಗ್ಗುಲಿಗೆ ಹಾಕಿಕೊಂಡರು. ಹಸುವಿನ ಹಾಲಿಗೆ ನೀರು ಬೆರೆಸಿ ಕುಡಿಸಿದರು. ನನ್ನ ಕೋಣೆಯ ಬಾಗಿಲಲ್ಲಿ ಒಂದು ಚೊಂಬು ನೀರು ಇಟ್ಟು, ಬೆಕ್ಕಿನ ಹೆಜ್ಜೆಯಲ್ಲಿ ವಾಪಸು ಹೋಗುತ್ತಿದ್ದರು. ಹುಳುವಿಗೆ ಅದು ಒಂದು ಹಗಲು ರಾತ್ರಿಯ ಮಾತು. ನನಗೆ ಆಷಾಢ ಕಳೆದು ಶ್ರಾವಣ ಬಂತು. ಬಾಗಿಲು ತೆರೆದೇ ಇತ್ತು, ಯಾರೂ ಒಳಗೆ ಬರಲಿಲ್ಲ.

ಶ್ರಾವಣದ ಒಂದು ಭಾನುವಾರ ನಮ್ಮ ಮನೆಯವರು ಒಳಗೆ ಬಂದು ನನ್ನ ಕೈ ಹಿಡಿದು ನೋಡಿ, ಹೊರಗೆ ಹೋಗಿ, “ಅಮ್ಮಾ, ಇದು ತಾನಾಗಿ ಹೋಗೋದಲ್ಲ” ಎಂದರಂತೆ. ಅದಾದ ಮೇಲೆ ಎಲ್ಲ ಒಟ್ಟಿಗೇ ಶುರುವಾಯಿತು. ಚಿಂತಾಮಣಿಯ ಡಾಕ್ಟರು ಟಾನಿಕ್ ಕೊಟ್ಟರು. ಅತ್ತೆ ಮುರುಗಮಲ್ಲಕ್ಕೆ ಕರೆದುಕೊಂಡು ಹೋದರು. ಅಲ್ಲಿ ದರ್ಗಾದ ಅಂಗಳದಲ್ಲಿ ನನ್ನಂಥವರು ಬಹಳ ಮಂದಿ ಇದ್ದರು. ಯಾರೋ ಒಬ್ಬ ಮುದುಕಿ, ಹೆಸರು ಕೇಳಲಿಲ್ಲ, “ಇಧರ್ ಆವೋ ಬೇಟಿ” ಎಂದು ನನ್ನನ್ನು ಮುಂದೆ ಕೂರಿಸಿಕೊಂಡು, ವಾರಗಟ್ಟಲೆ ಬಾಚದೆ ಗಂಟುಕಟ್ಟಿದ್ದ ತಲೆಯನ್ನು ಎಣ್ಣೆ ಹಚ್ಚಿ ಎಳೆಎಳೆಯಾಗಿ ಬಿಡಿಸಿದಳು. ಕಾಯಿಲೆ ವಾಸಿಯಾಗಲಿಲ್ಲ. ಆದರೆ ಆ ದಿನಗಳಲ್ಲಿ ನನ್ನನ್ನು ಹೆದರದೆ ಮುಟ್ಟಿದ ಕೈ ಅದೊಂದು, ಅದಕ್ಕೇ ನೆನಪಿದೆ.

ಕೊನೆಗೆ ಬೆಂಗಳೂರು. ಚಿಂತಾಮಣಿಯಿಂದ ಸಣ್ಣ ರೈಲು. ಆ ರೈಲು ಅವಸರವಿಲ್ಲದ ಗಾಡಿ, ನಡುವೆ ಇಳಿದು ಸೀಬೆಹಣ್ಣು ಕೊಂಡು ಮತ್ತೆ ಹತ್ತಬಹುದು. ನಂದಿಯಲ್ಲಿ ನಮ್ಮ ಮನೆಯವರು ಹಾಗೇ ಮಾಡಿದರು. ಉಪ್ಪುಖಾರ ಹಚ್ಚಿದ ಹೋಳನ್ನು ನನ್ನ ಬಾಯಿಗೆ ಹಿಡಿದರು. ಎದುರು ಸೀಟಿನವರು ನೋಡುತ್ತಿದ್ದಾರೆ ಎಂದು ಅವರ ಕಿವಿ ಕೆಂಪಾಗಿತ್ತು. ನಾನು ಕಚ್ಚಿದೆ. ಬಹಳ ದಿನಗಳ ಮೇಲೆ ನಾಲಗೆಗೆ ರುಚಿ ಹತ್ತಿದ್ದು ಅಂದು.

ಆಸ್ಪತ್ರೆಯ ಹೊರಜಗುಲಿಯಲ್ಲಿ ಉದ್ದುದ್ದ ಬೆಂಚುಗಳು. ಅಲ್ಲಿ ಕಾಯುತ್ತಾ ಒಂದು ವಿಷಯ ಕಂಡುಕೊಂಡೆ: ಮೂವರು ಕೂತಿದ್ದರೆ ನಡುವೆ ಕೂತವರು ರೋಗಿ. ನನ್ನ ಒಂದು ಕಡೆ ಗಂಡ, ಇನ್ನೊಂದು ಕಡೆ ಗೌರಿಬಿದನೂರಿನಿಂದ ಬಂದಿದ್ದ ತಂದೆ. ನೋಡೋಣವೆಂದು ನಾನು ಎದ್ದು ತುದಿಗೆ ಹೋಗಿ ಕೂತೆ. ತಂದೆ ಎದ್ದು ನನ್ನ ಆಚೆ ಬಂದು ಕೂತರು. ನಗು ಬರಬೇಕಿತ್ತು, ಬರಲಿಲ್ಲ. ಆದರೆ ಇದು ನಗುವ ವಿಷಯ ಎಂದು ತಿಳಿಯಿತು. ಅಷ್ಟು ಬುದ್ಧಿ ಇನ್ನೂ ಉಳಿದಿದೆ ಎಂದು ಸಮಾಧಾನವಾಯಿತು. ಎದುರಿನ ಬೆಂಚಿನ ನಡುವೆ ಕೂತಿದ್ದ ಹುಡುಗಿಯೂ ನನ್ನಂತೆ ಜಂತೆ ನೋಡುತ್ತಿದ್ದಳು. ಇದನ್ನು ಬರೆಯುವಾಗೆಲ್ಲ ಅವಳು ಕಣ್ಣಮುಂದೆ ಬರುತ್ತಾಳೆ.

ಡಾಕ್ಟರು ಸಭ್ಯರು. ಪ್ರಶ್ನೆಗಳನ್ನೆಲ್ಲ ನಮ್ಮ ಮನೆಯವರಿಗೆ ಕೇಳಿದರು. “ರಾತ್ರಿ ನಿದ್ದೆ ಮಾಡ್ತಾರಾ?” “ಇಲ್ಲ ಸಾರ್.” “ಮಗುವನ್ನ ನೋಡಿಕೊಳ್ತಾರಾ?” “ಇಲ್ಲ ಸಾರ್.” “ಏನಾದ್ರೂ ಚಿಂತೆ ಇದೆಯಾ?” “ಏನೂ ಇಲ್ಲ ಸಾರ್, ಎಲ್ಲ ಅನುಕೂಲವಾಗಿದೆ.” ವಾರಕ್ಕೊಂದು ದಿನ ಮನೆಗೆ ಬರುತ್ತಿದ್ದ ಮನುಷ್ಯ, ಸ್ಕೂಲ್ ಇನ್ಸ್‌ಪೆಕ್ಟರ ಮುಂದೆ ನಿಂತ ಹುಡುಗನಂತೆ ಥಟ್ಟನೆ ಉತ್ತರ ಕೊಡುತ್ತಿದ್ದರು. ನಾನು ಪಕ್ಕದಲ್ಲೇ ಇದ್ದೆ. ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು.

ನನ್ನನ್ನು ಸೇರಿಸಿಕೊಂಡರು. ತಲೆಗೆ ಕರೆಂಟು ಕೊಡುತ್ತಿದ್ದ ಕಾಲ. ಅದರ ಬಗ್ಗೆ ಬಹಳ ಹೇಳಲಾರೆ, ನೆನಪಿನಲ್ಲಿ ಆ ಭಾಗ ತೂತು ಬಿದ್ದಿದೆ. ಅದಕ್ಕೆ ಮುಂಚೆ ಕೈಯ ಗಾಜಿನ ಬಳೆಗಳನ್ನು ತೆಗೆಸುತ್ತಿದ್ದರು. ಮುತ್ತೈದೆ ಬರಿಗೈಯಲ್ಲಿದ್ದಾಳೆ ಎಂದು ಊರಿಗೆ ಗೊತ್ತಾದರೆ ಅತ್ತೆ ಎದೆ ಒಡೆದುಕೊಳ್ಳುತ್ತಾರೆಂದು ನಾನು ಬಿಕ್ಕಿದೆನಂತೆ. ವಾರ್ಡಿನ ಆಯಾ ಒಂದು ದಾರಕ್ಕೆ ಅರಿಸಿನ ಸವರಿ ನನ್ನ ಮಣಿಕಟ್ಟಿಗೆ ಕಟ್ಟಿದಳು. “ಬರಿಗೈ ಎಲ್ಲಿ, ನೋಡಮ್ಮ. ನಿಮ್ಮತ್ತೆ ಕೇಳಿದ್ರೆ ನಾನು ಹೇಳಿದೆ ಅನ್ನು” ಎಂದಳು. ಅಲ್ಲಿದ್ದಷ್ಟು ಕಾಲ ಸರದಿ ಬಂದಾಗಲೆಲ್ಲ ಕಟ್ಟಿದಳು. ಯಾವ ಔಷಧಿ ಎಷ್ಟು ಕೆಲಸ ಮಾಡಿತೋ ನನಗೆ ತಿಳಿಯದು. ಒಂದು ಬೆಳಿಗ್ಗೆ ಹಸಿವಾಯಿತು. ಇನ್ನೊಂದು ವಾರ ಕಳೆದು ಪಕ್ಕದ ಹಾಸಿಗೆಯವಳ ಹಾಡು ಬೇಸುರು ಎಂದು ಸಿಟ್ಟು ಬಂತು. ಆ ಸಿಟ್ಟನ್ನು ಕಂಡು ಆಯಾ, “ಇನ್ನೇನು, ಊರಿಗೆ ಹೋಗ್ತೀಯ” ಎಂದಳು.

ಮನೆಗೆ ಬಂದಾಗ ಮಗು ಸುಮಿತ್ರ ಗೋಡೆ ಹಿಡಿದು ನಡೆಯುತ್ತಿತ್ತು. ಅತ್ತೆಯನ್ನು ಅಮ್ಮ ಎನ್ನುತ್ತಿತ್ತು. ನನ್ನನ್ನು ಕಂಡು ಕಿಟಾರನೆ ಕಿರುಚಿ ಅವರ ಸೆರಗಿನೊಳಗೆ ಸೇರಿಕೊಂಡಿತು. ಎಲ್ಲರೂ ನನ್ನ ಮುಖ ನೋಡಿದರು. ನನಗೆ ಏನೂ ಅನ್ನಿಸಲಿಲ್ಲ. ಅನ್ನಿಸಲಿಲ್ಲವಲ್ಲ ಎಂಬ ಹೆದರಿಕೆ ಮಾತ್ರ ಆಯಿತು, ಅದನ್ನು ಯಾರಿಗೂ ಹೇಳಲಿಲ್ಲ.

ಟೈಫಾಯಿಡ್ ಎಂಬ ಮಾತು ಅತ್ತೆಯದು. “ಹೆಣ್ಣು ಮಗು ಮನೇಲಿದೆ. ತಾಯಿಗೆ ತಲೆ ಕೆಟ್ಟಿತ್ತು ಅಂದ್ರೆ ನಾಳೆ ಈ ಮಗೂನ ಯಾರು ತಗೋತಾರೆ?” ಎಂದರು. ಎಲ್ಲರೂ ಹಾಗೇ ಹೇಳತೊಡಗಿದೆವು. ಹೊರಗಿನವರಿಗೆ ಹೇಳಲು ಅತ್ತೆ ಒಂದು ನಗೆಯ ಕಥೆಯನ್ನೂ ಕಟ್ಟಿಕೊಂಡರು. ನೆಂಟರು ಬಂದರೆ ಸುಮಿಯನ್ನು ಮುಂದೆ ಎಳೆದುಕೊಂಡು, “ಇವಳೇನು ಕಮ್ಮಿನಾ! ಅವರಮ್ಮ ಟೈಫಾಯಿಡ್ ವಾಸಿ ಮಾಡ್ಕೊಂಡು ಬಂದ್ರೆ, ಹತ್ರಾನೇ ಹೋಗ್ಲಿಲ್ಲ ಪೋರಿ. ಕಿಟಾರ್ ಅಂತ ಕಿರುಚ್ತು. ತಿಂಗಳುಗಟ್ಲೆ ತಾಯಿ ಮುಖ ನೋಡ್ಲಿಲ್ಲ ಕಣ್ರೀ” ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು, ಸುಮಿಯೂ. ಕೇಳಿ ಕೇಳಿ ಅವಳಿಗೆ ಅದು ಬಾಯಿಪಾಠವಾಗಿತ್ತು.

ವರ್ಷಗಳು ಕಳೆದವು. ನಮ್ಮ ಮನೆಯವರಿಗೆ ಚಿಕ್ಕಬಳ್ಳಾಪುರಕ್ಕೆ ವರ್ಗವಾಯಿತು. ಅತ್ತೆ ಹುಳುಮನೆಯನ್ನು ದೊಡ್ಡ ಮಗನಿಗೆ ಬಿಟ್ಟು, ಒಂದಿಷ್ಟು ಕಾಲ ಊರಿನಲ್ಲಿ, ಒಂದಿಷ್ಟು ಕಾಲ ನಮ್ಮಲ್ಲಿ ಇರುತ್ತಿದ್ದರು. ಸುಮಿಗೆ ಹತ್ತು ವರ್ಷವಾದಾಗ ವಾರಪತ್ರಿಕೆಯೊಂದರಲ್ಲಿ ಆ ಕಾದಂಬರಿ ಧಾರಾವಾಹಿಯಾಗಿ ಬರತೊಡಗಿತು. ಅದರ ಹೆಸರು ಹೇಳುವುದಿಲ್ಲ. ಬರೆದಾಕೆ ತಮ್ಮದೇ ಕಥೆ ಬರೆದಿದ್ದಾರೆ ಎಂದು ಎಲ್ಲರೂ ಹೇಳುತ್ತಿದ್ದರು, ಅವರು ಅಲ್ಲವೆಂದೂ ಹೇಳಲಿಲ್ಲ, ಹೌದೆಂದೂ ಹೇಳಲಿಲ್ಲ. ನಳಿನಿ ಎಂಬವಳು ಮಗು ಹೆತ್ತ ಮೇಲೆ ಮನಸ್ಸು ಕೆಟ್ಟು ಆಸ್ಪತ್ರೆ ಸೇರಿ ವಾಸಿಯಾಗಿ ಬರುವ ಕಥೆ.

ನಾಲ್ಕೈದು ಕಂತು ಕಳೆದ ಮೇಲೆ ಒಂದರಲ್ಲಿ ನನ್ನನ್ನೇ ಕಂಡೆ. ಮಗು ಅತ್ತರೂ ನಳಿನಿಗೆ ಏನೂ ಅನ್ನಿಸದೆ ಕೂರುವ ಪುಟಗಳಿದ್ದವು. ನಾನೊಬ್ಬಳೇ ಹಾಗೆ ಕೂತವಳು ಎಂದುಕೊಂಡಿದ್ದೆ. ಬೇರೊಬ್ಬ ಹೆಂಗಸು, ಎಲ್ಲೋ ಬೇರೆ ಊರಿನಲ್ಲಿ, ಹಾಗೇ ಕೂತು, ಆಮೇಲೆ ಎದ್ದು ಅದನ್ನು ಬರೆದಿದ್ದಾಳೆ. ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಅತ್ತುಬಿಟ್ಟೆ. ಆ ಲೇಖಕಿಗೆ ನಾನು ಇವತ್ತಿಗೂ ಋಣಿ. ಜಗಳ ಕಾಯುವುದೂ ಆಕೆಯೊಂದಿಗೇ.

ಜಗಳ ನಿಧಾನವಾಗಿ ಹುಟ್ಟಿತು. ಮಧ್ಯಾಹ್ನ ಅವರೆಕಾಳು ಬಿಡಿಸುತ್ತಾ ಕೂತ ಅತ್ತೆಗೆ ನಾನು ಕಂತುಗಳನ್ನು ಓದಿ ಹೇಳುತ್ತಿದ್ದೆ. ಕಥೆಯ ಅತ್ತೆ ನಳಿನಿಯನ್ನು ಉಗ್ರಾಣದಲ್ಲಿ ಕೂಡಿಹಾಕಿ ಬೀಗ ಹಾಕುತ್ತಾಳೆ. ನಮ್ಮ ಅತ್ತೆ ಕಾಳು ಬಿಡಿಸುವುದನ್ನು ನಿಲ್ಲಿಸಿ, “ಇದೇನೇ ಇದು, ಅತ್ತೆನಾ ರಾಕ್ಷಸಿನಾ?” ಎಂದರು. ಆಮೇಲೆ ಮತ್ತೊಂದು ಕಾಯಿ ಕೈಗೆತ್ತಿಕೊಂಡು, “ನಾನು ಬೀಗ ಹಾಕಿರ್ಲಿಲ್ಲ ಕಣಮ್ಮ” ಎಂದರು. “ಇಲ್ಲ ಅತ್ತೆ, ಹಾಕಿರ್ಲಿಲ್ಲ” ಎಂದೆ. ಲೇಖಕಿಗೆ ಬೀಗ ಸಿಕ್ಕಿತ್ತು, ಬೀಗವಿದ್ದರೆ ಕಥೆ ಸುಲಭ: ಹಾಕಿದವರು ಕೆಟ್ಟವರು, ತೆಗೆದವರು ಒಳ್ಳೆಯವರು. ತೆರೆದ ಬಾಗಿಲಿನ ಮನೆಯಲ್ಲಿ, ಒಳ್ಳೆಯವರ ನಡುವೆಯೇ ಒಬ್ಬ ಹೆಂಗಸು ಒಂಟಿಯಾಗುವುದನ್ನು ಬರೆಯುವುದು ಕಷ್ಟ.

ಇನ್ನೊಂದು ಸಂಗತಿ. ಕಥೆಯ ಡಾಕ್ಟರು ನಳಿನಿಯ ಕಾಯಿಲೆ ಏನೆಂದು ಗಂಡನಿಗೆ ವಿವರಿಸುವುದಕ್ಕೆ ಒಂದಿಡೀ ಕಂತು ಹೋಗುತ್ತದೆ. ನಳಿನಿ ಅದೇ ಕೋಣೆಯಲ್ಲಿದ್ದಾಳೆ, ತುಟಿ ಎರಡು ಮಾಡುವುದಿಲ್ಲ. ಅನುಭವಿಸಿದವಳು ತಾನೇ ಬರೆಯುತ್ತಿದ್ದರೂ, ತನ್ನ ಕಾಯಿಲೆಯ ಬಗ್ಗೆ ಮಾತಾಡುವ ಅಧಿಕಾರವನ್ನು ಡಾಕ್ಟರ ಬಾಯಿಗೇ ಕೊಟ್ಟುಬಿಟ್ಟಳಲ್ಲ ಎಂದು ನನಗೆ ಸಂಕಟವಾಯಿತು. ಕೊನೆಯ ಕಂತಿನಲ್ಲಿ ಮಗು ಓಡಿಬಂದು ನಳಿನಿಯನ್ನು ತಬ್ಬಿಕೊಳ್ಳುತ್ತದೆ. ಅವಳ ಎದೆಯಲ್ಲಿ ಏನೋ ಕರಗುತ್ತದೆ, ಕಣ್ಣಲ್ಲಿ ಧಾರೆಧಾರೆ ನೀರು, ಕಾಯಿಲೆ ಮಾಯ. ಗಂಡ ಕನ್ನಡಕ ಒರೆಸಿಕೊಳ್ಳುತ್ತಾನೆ. ಮುಗಿಯಿತು.

ಆ ಕಂತನ್ನು ಸುಮಿ ನನಗಿಂತ ಮೊದಲೇ ಓದಿದ್ದಳು. ಜಡೆ ಹಾಕಿಸಿಕೊಳ್ಳಲು ನನ್ನ ಮುಂದೆ ಕೂತವಳು, ಮುಖ ಆ ಕಡೆಗಿದ್ದಾಗ ಕೇಳಿದಳು: “ಅಮ್ಮ, ಮಗು ತಬ್ಬಿಕೊಂಡ ತಕ್ಷಣ ನಳಿನಿಗೆ ಹುಷಾರಾಗೋಯ್ತಲ್ಲ. ಅದು ಮೊದ್ಲೇ ಹೋಗಿ ತಬ್ಬಿಕೊಂಡಿದ್ರೆ ಕಾಯಿಲೆ ಬೇಗ ಹೋಗ್ತಿತ್ತು ಅಲ್ವಾ?”

“ಅದು ಕಥೆ ಕಣಮ್ಮ” ಎಂದೆ.

“ನಿಂಗೆ ಟೈಫಾಯಿಡ್ ಆಗಿದ್ದಾಗ ನಾನು ನಿನ್ ಹತ್ರ ಬರ್ಲೇ ಇಲ್ವಂತಲ್ಲ. ಅದಕ್ಕೇ ನಿಂಗೆ ಅಷ್ಟು ದಿನ ಸುಸ್ತಾಗಿತ್ತಾ?”

ಬಾಚಣಿಗೆ ಹಿಡಿದ ಕೈ ನಿಂತಿತು. ಮಗು ಇದನ್ನು ಎಷ್ಟು ದಿನದಿಂದ ಹೊತ್ತುಕೊಂಡಿತ್ತೋ. ನೆಂಟರು ನಕ್ಕಾಗ ಅವಳೂ ನಗುತ್ತಿದ್ದಳಲ್ಲ. ಇಲ್ಲ ಕಣೇ, ಹಾಗೇನಿಲ್ಲ ಎಂದೆ. ಸುಮಿ ತಲೆ ಅಲ್ಲಾಡಿಸಿದಳು, ನಂಬಿದವಳ ಹಾಗೆ ಕಾಣಲಿಲ್ಲ. ಅಚ್ಚಾದ ಕಥೆಯ ಮುಂದೆ, ಜಡೆ ಹಾಕುತ್ತಾ ಅಮ್ಮ ಹೇಳಿದ ಮಾತಿಗೆ ಎಷ್ಟು ಬೆಲೆ?

ನಮ್ಮ ಬೀದಿಯಲ್ಲಿ ಹೆಂಗಸರ ಓದುಕೂಟವೊಂದಿತ್ತು. ಶನಿವಾರ ಮಧ್ಯಾಹ್ನ ಶಾಲೆಯ ಹಾಲಿನಲ್ಲಿ ಸೇರುತ್ತಿದ್ದೆವು. ಕೂಟ ನಡೆಸುತ್ತಿದ್ದ ಲಲಿತಮ್ಮನವರು ಬೆಂಗಳೂರಿನಿಂದ ಕಾಲೇಜು ಮೇಷ್ಟ್ರೊಬ್ಬರನ್ನು ಕರೆಸಿ, ಆ ಕಾದಂಬರಿಯ ಮೇಲೆ ಭಾಷಣ ಏರ್ಪಡಿಸಿದರು. “ಅವರಾದ್ಮೇಲೆ ನೀವೂ ನಾಲ್ಕು ಮಾತಾಡ್ರಿ ಪದ್ಮಾವತಮ್ಮ, ನೀವು ಚೆನ್ನಾಗಿ ಓದ್ಕೊಂಡೋರು” ಎಂದರು. ಅವರಿಗೆ ಏನೂ ಗೊತ್ತಿರಲಿಲ್ಲ. ಮನೆಯಲ್ಲಿ ಇದು ದೊಡ್ಡ ವಿಷಯವಾಯಿತು.

“ಪುಸ್ತಕದ ಬಗ್ಗೆ ಮಾತ್ರ ಮಾತಾಡು” ಎಂದರು ನಮ್ಮ ಮನೆಯವರು.

“ಮನೆ ಮಾತು ಎತ್ತಿದ್ರೆ ನೋಡು” ಎಂದರು ಅತ್ತೆ. “ಹತ್ತು ವರ್ಷ ಆಯ್ತಮ್ಮ ಇವಳಿಗೆ. ಇನ್ನು ಐದಾರು ವರ್ಷ ಕಳೆದ್ರೆ ಗಂಡು ಹುಡುಕಬೇಕು. ಗೌರಿಬಿದನೂರಿಂದ ಚಿಂತಾಮಣೀವರೆಗೂ ನಮ್ಮೋರೇ ಇದಾರೆ, ಒಬ್ರ ಕಿವಿಗೆ ಬಿದ್ರೆ ಎಲ್ಲರಿಗೂ ಹೋಗುತ್ತೆ.”

ಅವರು ಹೇಳಿದ್ದು ಸುಳ್ಳಲ್ಲ. ನಾನು ಒಪ್ಪಿಕೊಂಡೆ. ಪಾತ್ರ, ಭಾಷೆ, ಸನ್ನಿವೇಶ ಎಂದು ಯಾರಿಗೂ ನೋವಾಗದ ಒಂದು ಭಾಷಣವನ್ನು ಮನಸ್ಸಿನಲ್ಲೇ ಸಿದ್ಧ ಮಾಡಿಕೊಂಡೆ.

ಶನಿವಾರ ಶಾಲೆಯ ಹಾಲ್ ಜನರಿಂದ ತುಂಬಿತ್ತು. ಪ್ರಾರ್ಥನೆ ಹಾಡಿದ ಸುಮಿ ಬಂದು ಮುಂದಿನ ಸಾಲಿನಲ್ಲಿ ಅಜ್ಜಿಯ ಪಕ್ಕ ಕೂತಳು. ಮೇಷ್ಟ್ರು ಒಳ್ಳೆಯ ಮಾತುಗಾರರು. ಲೇಖಕಿ ತಮ್ಮ ನೋವನ್ನು ಇನ್ನೂ ಅರಗಿಸಿಕೊಂಡಿಲ್ಲ, ಹಾಗಾಗಿ ಬರಹ ಕಲೆಯಾಗುವ ಬದಲು ಬರೀ ದೂರಿನ ಪಟ್ಟಿಯಾಗಿದೆ ಎಂದರು. ಹೆತ್ತ ಮಗುವನ್ನು ಕಂಡೂ ನಳಿನಿಗೆ ಏನೂ ಅನ್ನಿಸದ ಆ ನಡುವಿನ ಅಧ್ಯಾಯಗಳು ಪ್ರಕೃತಿಗೇ ವಿರುದ್ಧ ಎಂದರು. “ಆದರೆ ಕೊನೆಯ ಅಧ್ಯಾಯದಲ್ಲಿ ಲೇಖಕಿ ಗೆದ್ದಿದ್ದಾರೆ. ಯಾವ ವೈದ್ಯನಿಂದಲೂ ಆಗದ ಕೆಲಸ ಆ ಕಂದನ ಒಂದು ಸ್ಪರ್ಶದಿಂದ ಆಯಿತು. ಇದು ಸತ್ಯ, ಇದೇ ಕಲೆ.”

ಹೆಂಗಸರು ತಲೆದೂಗಿದರು. ಸುಮಿಯೂ ತಲೆದೂಗಿದಳು. ಪುಟ್ಟ ಹುಡುಗಿ, ಎರಡು ಜಡೆ, ದೊಡ್ಡವರ ಹಾಗೆ ಗಂಭೀರವಾಗಿ. ನಾನು ಸಿದ್ಧ ಮಾಡಿಕೊಂಡಿದ್ದ ಭಾಷಣ ಅಲ್ಲಿಗೆ ಕೊನೆಯಾಯಿತು.

“ನನಗೆ ತಿರುಗುಮುರುಗಾಗಿ ಕಾಣಿಸುತ್ತೆ ಸಾರ್” ಎಂದೆ ಎದ್ದು ನಿಂತು. “ನಡುವಿನ ಅಧ್ಯಾಯಗಳು ನಿಜ. ಕೊನೆಯದು ಸುಳ್ಳು.”

ಅವರು ನಕ್ಕರು, ಕೆಟ್ಟ ನಗೆಯಲ್ಲ. “ಅದು ಹೇಗೆ ಹೇಳ್ತೀರಮ್ಮ?”

ಅತ್ತೆ ನನ್ನನ್ನೇ ನೋಡುತ್ತಿದ್ದರು. ತುಟಿ ಬಿಗಿದು, ಬೇಡ ಎಂದು ಬಹಳ ಸಣ್ಣಗೆ ತಲೆ ಆಡಿಸಿದರು. ಅವರು ಕಾಪಾಡಲು ಹೊರಟಿದ್ದದ್ದು ಸುಮಿಯನ್ನೇ, ನಾನು ಕಾಪಾಡಬೇಕಾಗಿದ್ದದ್ದೂ ಸುಮಿಯನ್ನೇ. ಇಬ್ಬರಲ್ಲಿ ಒಬ್ಬರು ಸೋಲಬೇಕಾಗಿತ್ತು.

“ನನಗೇ ಬಂದಿತ್ತು ಸಾರ್” ಎಂದೆ. “ಟೈಫಾಯಿಡ್ ಅಂತ ಹೇಳ್ಕೊಂಡಿದ್ವಿ. ಅಲ್ಲ. ನಳಿನಿಗೆ ಬಂದದ್ದೇ.”

ನಾನು ಮುಂದುವರಿಸಿದೆ. ಮಗು ಅತ್ತದ್ದು ಕಿವಿಗೆ ಬಿದ್ದು ಎದೆಗೆ ಬೀಳದೆ ಇರುತ್ತದೆ, ಅದು ಕಾಯಿಲೆ, ಕೆಟ್ಟತನವಲ್ಲ ಎಂದೆ. ಡಾಕ್ಟರು ನನ್ನ ಬಗ್ಗೆ ಎಲ್ಲವನ್ನೂ ನನ್ನ ಗಂಡನನ್ನು ಕೇಳಿದ್ದು, ಕಥೆಯಲ್ಲೂ ಹಾಗೇ ಆದದ್ದು ಹೇಳಿದೆ. ಹೆಂಗಸಿನ ತಲೆಯಲ್ಲಿ ಏನು ನಡೆದಿದೆ ಎಂದು ಹೆಂಗಸನ್ನು ಬಿಟ್ಟು ಎಲ್ಲರೂ ಹೇಳುತ್ತಾರೆ, ಅವಳೇ ಹೇಳಿದರೆ ದೂರು ಎನ್ನುತ್ತೀರಿ ಎಂದೆ.

“ನಿಮ್ಮ ಅನುಭವದ ಬಗ್ಗೆ ನನಗೆ ಗೌರವವಿದೆ” ಎಂದರು ಮೇಷ್ಟ್ರು. ಅವರ ಮುಖದ ನಗು ಹೋಗಿತ್ತು. “ಆದರೆ ಸಾಹಿತ್ಯದಲ್ಲಿ ಔಚಿತ್ಯ ಅಂತ ಒಂದಿದೆ ತಾಯಿ. ತಾಯ್ತನಕ್ಕೆ ಮರಳುವುದೇ ಉಚಿತವಾದ ಮುಕ್ತಾಯ.”

“ಯಾರಿಗೆ ಉಚಿತ ಸಾರ್? ನಿಮಗೆ ಸಮಾಧಾನ ಆಗುತ್ತೆ. ಲೇಖಕಿಗೂ ಕ್ಷಮೆ ಸಿಗುತ್ತೆ, ಅದಕ್ಕೇ ಹಾಗೆ ಬರೆದ್ರೋ ಏನೋ. ಆದ್ರೆ ಆ ಕಥೇಲಿ ಇನ್ನೊಬ್ಬಳಿದ್ದಾಳೆ, ಮಗು. ಅವಳು ದೊಡ್ಡವಳಾಗಿ ಇದನ್ನ ಓದಿದ್ರೆ ಏನಂದ್ಕೋತಾಳೆ? ನಾನು ಮುಟ್ಟಿದ್ರೆ ಅಮ್ಮನಿಗೆ ವಾಸಿ ಆಗ್ತಿತ್ತು, ನಾನು ಮುಟ್ಲಿಲ್ಲ ಅಂತಾನೇ ಅಲ್ವಾ? ಕಂಕುಳ ಕೂಸಿನ ತಲೆ ಮೇಲೆ ಇಷ್ಟು ಭಾರ ಹೊರಿಸೋದು ಔಚಿತ್ಯಾನಾ?”

ಆಮೇಲೆ ಸಭೆಯನ್ನು ಬಿಟ್ಟು ಸುಮಿಯ ಕಡೆಗೇ ತಿರುಗಿ ಹೇಳಿದೆ. “ಮಗು ತಬ್ಬಿಕೊಂಡಿದ್ದಕ್ಕೆ ನನಗೆ ವಾಸಿಯಾಗಲಿಲ್ಲ. ತಬ್ಬಿಕೊಳ್ಳದೆ ಇದ್ದಿದ್ದಕ್ಕೆ ಕಾಯಿಲೆ ಬರಲೂ ಇಲ್ಲ. ಮನೆಗೆ ಬಂದ ಮೇಲೂ ನನಗೆ ಏನೂ ಅನ್ನಿಸ್ತಿರಲಿಲ್ಲ. ಪ್ರೀತಿ ಯಾವತ್ತು ಬಂತು ಅಂತ ನನಗೆ ಗೊತ್ತಿಲ್ಲ. ಒಂದು ಸಲ ಮಗುವಿಗೆ ದಡಾರ ಆಗಿ ಮಲಗಿತ್ತು. ಮೂರು ಹೊತ್ತಿಂದ ನಾನು ಊಟ ಮಾಡಿಲ್ಲ ಅಂತ ಆಗ ನೆನಪಾಯ್ತು. ಓ, ಪ್ರೀತಿ ಬಂದು ಎಷ್ಟೋ ದಿನ ಆಗಿದೆ ಅಂತ ಗೊತ್ತಾಗಿದ್ದು ಆಗ. ಅಷ್ಟೇ. ಅದನ್ನ ಯಾರೂ ಕಥೇಲಿ ಬರೆಯಲ್ಲ.”

ಕೂತುಕೊಂಡೆ. ಚಪ್ಪಾಳೆ ಇಲ್ಲ. ಲಲಿತಮ್ಮನವರು ಎದ್ದು, ಈಗ ಕಾಫಿ ಇದೆ ಎಂದರು. ಮೇಷ್ಟ್ರು ನನ್ನ ಕಡೆ ಕೈ ಮುಗಿದರು, ಅದರಲ್ಲಿ ಒಪ್ಪಿಗೆ ಎಷ್ಟಿತ್ತೋ ಗೊತ್ತಿಲ್ಲ. ನನ್ನ ಪಕ್ಕದಲ್ಲಿದ್ದ ಇಬ್ಬರು ಕಾಫಿ ಲೋಟ ಹಿಡಿದುಕೊಂಡು ಆಚೆ ಸಾಲಿಗೆ ಹೋದರು. ಹೊರಗೆ ನಲ್ಲಿಯ ಹತ್ತಿರ ಲೋಟ ತೊಳೆಯುವ ನೆಪದಲ್ಲಿ ಒಬ್ಬಾಕೆ ಬಂದು, “ನನ್ನ ತಂಗೀನೂ ಹಂಗೇ ಕೂತವಳೆ ಅಕ್ಕ. ಆ ಆಸ್ಪತ್ರೆಗೆ ಹೆಂಗೆ ಹೋಗೋದು?” ಎಂದು ನೆಲ ನೋಡುತ್ತಾ ಕೇಳಿದಳು. ದಾರಿ ಹೇಳಿದೆ. ಬೆಂಚಿನ ಮೇಲೆ ಅವಳನ್ನು ನಡುವೆ ಕೂರಿಸಬೇಡಿ ಎಂದೂ ಹೇಳಿದೆ, ಅವಳಿಗೆ ಅರ್ಥವಾಗಲಿಲ್ಲ.

ಅತ್ತೆ ನಮ್ಮನ್ನು ಬಿಟ್ಟು ಮುಂದೆ ಮುಂದೆ ನಡೆದರು. ಸುಮಿ ನನ್ನ ಜೊತೆ ಬಂದಳು. ಬೀದಿಯ ತಿರುವಿನಲ್ಲಿ ಕೇಳಿದಳು:

“ಹಂಗಾದ್ರೆ ನಾನೇನೂ ಮಾಡಿರ್ಲಿಲ್ವಾ?”

“ಏನೂ ಮಾಡಿರ್ಲಿಲ್ಲ ಕಣಮ್ಮ. ನಿಂಗೆ ಮೂರು ತಿಂಗಳು.”

“ನಾನು ಕಿರುಚಿದ್ದಕ್ಕಲ್ವಾ?”

“ಅಲ್ಲ. ಗುರುತಿಲ್ಲದೋರನ್ನ ಕಂಡ್ರೆ ಯಾವ ಮಗೂನೂ ಕಿರುಚುತ್ತೆ.”

ಸುಮಿ ಸ್ವಲ್ಪ ದೂರ ಯೋಚಿಸುತ್ತಾ ನಡೆದಳು. ಆಮೇಲೆ, “ಸರಿ” ಎಂದು ಹೇಳಿ, ಪಕ್ಕದ ಮನೆಯ ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿದ್ದ ಕಡೆಗೆ ಓಡಿದಳು. ನಾನು ಅಲ್ಲೇ ನಿಂತು ನೋಡಿದೆ. ಅವಳು ಒಂಟಿಕಾಲಲ್ಲಿ ಹಾರುವಾಗ ಎರಡು ಜಡೆಯೂ ಹಾರುತ್ತಿದ್ದವು.

ನಮ್ಮ ಮನೆಯವರು ಜಗುಲಿಯಲ್ಲಿ ಕಾಯುತ್ತಿದ್ದರು. “ಎಲ್ಲಾ ಹೇಳಿಬಿಟ್ಯಾ?” “ಹೇಳ್ದೆ.” “ಡಾಕ್ಟರ ಹತ್ರ ನಾನು ಉತ್ತರ ಹೇಳಿದ್ದನ್ನೂ?” “ಅದನ್ನೂ.” “ನಿನ್ನನ್ನ ಕೇಳಿ ಅಂತ ನಾನೇ ಹೇಳಬೇಕಾಗಿತ್ತು” ಎಂದು ಅವರು ಎದ್ದು ಒಳಗೆ ಹೋದರು.

ಅತ್ತೆ ಮರುದಿನವೇ ಗಂಟು ಕಟ್ಟಿಕೊಂಡು ಊರಿಗೆ ಹೊರಟರು. ಸುದ್ದಿ ಅವರು ಹೇಳಿದ ದಾರಿಯಲ್ಲೇ ಹೋಯಿತು. ಮದುವೆಯೊಂದರಲ್ಲಿ ನನಗೆ ಕುಂಕುಮ ಕೊಡಲು ಬಂದ ಕೈ ಒಂದು ಗಳಿಗೆ ಅನುಮಾನಿಸಿತು. ಸುಮಿಯ ಮುಂದಿನ ದಿನಗಳು ಹೇಗೋ ಏನೋ, ನನಗೆ ಗೊತ್ತಿಲ್ಲ. ಅತ್ತೆ ಹೆದರಿದ್ದೇ ಸರಿಯಾಗಬಹುದು.

ಅತ್ತೆ ವಾಪಸು ಬಂದದ್ದು ಮುಂದಿನ ಅವರೆಕಾಯಿ ಕಾಲಕ್ಕೆ, ಒಂದು ಮೂಟೆ ಅವರೆಕಾಯಿಯ ಜೊತೆ. ಆ ವಾರವೇ ಶಿಡ್ಲಘಟ್ಟದಿಂದ ಅವರ ದೊಡ್ಡಮ್ಮನ ಮಗಳು ನೋಡಲು ಬಂದರು. ಎಲ್ಲರೂ ನಡುಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಬಂದಾಕೆ ಸುಮಿಯನ್ನು ನೋಡಿ, “ಇದೇನಾ ಅಕ್ಕಾಯಿ, ತಾಯೀನ ಕಂಡ್ರೆ ಕಿರುಚ್ತಿತ್ತಲ್ಲ ಆ ಮಗು?” ಎಂದರು.

“ಹ್ಞೂಂ, ಇದೇ” ಎಂದು ಅತ್ತೆ ಎಂದಿನ ರಾಗದಲ್ಲಿ ಶುರು ಮಾಡಿದರು. “ಅವರಮ್ಮ ಬೆಂಗಳೂರಿಂದ ಬಂದ್ಲು. ಇದು ಕಿಟಾರ್ ಅಂತ...”

ನಿಲ್ಲಿಸಿದರು. ಸುಮಿ ತಲೆ ಎತ್ತಲಿಲ್ಲ, ಆದರೆ ಅವಳ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು. ಅತ್ತೆ ಮಡಿಲಿನಿಂದ ಒಂದು ಸಿಪ್ಪೆ ತೆಗೆದು ಪಕ್ಕಕ್ಕೆ ಹಾಕಿದರು. ಇನ್ನೊಂದನ್ನೂ ತೆಗೆದು ಹಾಕಿದರು.

“ಟೈಫಾಯಿಡ್ ಅಲ್ಲ ಕಣೇ ಅದು” ಎಂದರು. “ಇವಳಿಗೆ ಮನಸ್ಸಿಗೆ ಹುಷಾರಿರ್ಲಿಲ್ಲ. ಹುಳ ತಲೆ ಎತ್ತಿದ್ರೆ ಮುಟ್ಟಬಾರ್ದಲ್ಲ, ಹಂಗೇ ಅಂದ್ಕೊಂಡು ನಾನು ಒಬ್ಬಳನ್ನೇ ಬಿಟ್ಬಿಟ್ಟೆ. ಹೋಗಿ ಪಕ್ಕದಲ್ಲಿ ಕೂರ್ಬೇಕಾಗಿತ್ತು, ಕೂರ್ಲಿಲ್ಲ.” ಬೆರಳಲ್ಲಿ ಸುಮಿಯ ಮೊಣಕಾಲು ತಟ್ಟಿದರು. “ಮಗೂದೇನಿದೆ ಪಾಪ, ಅದಕ್ಕೇನು ಗೊತ್ತಾಗುತ್ತೆ.”

ಬಂದಾಕೆ ನಗಬೇಕೋ ಬೇಡವೋ ತಿಳಿಯದೆ ನನ್ನ ಮುಖ ನೋಡಿದರು. ಸುಮಿ ಕಾಯಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿ, ಮೊಣಕಾಲ ಮೇಲಿದ್ದ ಕೈಯನ್ನು ಹಿಡಿದುಕೊಂಡು ಕೇಳಿದಳು.

“ಆಮೇಲೆ ಏನಾಯ್ತು, ಅಜ್ಜಿ?”